ಮರಳಿ ಬಾರದ ವಿಮಾನದ ಮೂವರು: ಜರ್ಮನ್ ರಾತ್ರಿ ಫೈಟರ್ ಸಿಬ್ಬಂದಿಯ ಗತಿಯನ್ನು ಹುಡುಕುವ ಬಗೆ

ಪ್ರಶ್ನೆ: ನಾನು ಆರು ವರ್ಷಗಳಿಂದ ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ ಕೆಲಸದಲ್ಲಿದ್ದೇನೆ. ನಾವು ಬಾಡಿಗೆಗಿರುವ ಮನೆಯ ಒಡತಿಗೆ ಈಗ 91 ವರ್ಷ. ಅವರ ಅಣ್ಣ ಎರಡನೇ ಮಹಾಯುದ್ಧದಲ್ಲಿ ರಾತ್ರಿ ಫೈಟರ್ ವಿಮಾನವೊಂದರ ರೇಡಿಯೊ ನಿರ್ವಾಹಕರಾಗಿದ್ದರು. 1944ರ ಆರಂಭದಲ್ಲಿ ಒಂದು ರಾತ್ರಿ ಹಾರಿಹೋದವರು ಮರಳಲಿಲ್ಲ. ತುಕಡಿಯ ಮುಖ್ಯಸ್ಥರು ತಾಯಿಗೆ ಬರೆದ ಪತ್ರ, ‘ಎಲ್’ ಅಕ್ಷರದಿಂದ ಶುರುವಾಗುವ ಸಂಖ್ಯೆಯುಳ್ಳ ಒಂದು ಲಕೋಟೆ, ‘ಜಿ9’ ಎಂದು ಬರೆದ ವಿಮಾನದ ಮುಂದೆ ಮೂವರು ಯುವಕರು ನಿಂತಿರುವ ಫೋಟೊ, ಮರಣದ ದಿನ 31 ಡಿಸೆಂಬರ್ 1945 ಎಂದು ಕೋರ್ಟು ಕೊಟ್ಟ ಕಾಗದ, ಇಷ್ಟೇ ಅಜ್ಜಿಯ ಬಳಿ ಇರುವುದು. ಅಣ್ಣನ ವಿಮಾನವನ್ನು ಉರುಳಿಸಿದ್ದು ಇಂಥ ಬ್ರಿಟಿಷ್ ಪೈಲಟ್ ಎಂದು ಹವ್ಯಾಸಿಯೊಬ್ಬರು ಹೆಸರು ಸಹಿತ ಹೇಳಿದ್ದಾರೆ. ಅದು ನಿಜವೇ? ಅಣ್ಣ ಎಲ್ಲಿ ಮಲಗಿದ್ದಾರೆ ಎಂಬುದನ್ನು ಈಗಲೂ ತಿಳಿಯಬಹುದೇ?

ಉತ್ತರ:

ಮಾನ್ಯರೇ, ಮೊದಲು ಆ ಕೋರ್ಟು ಕಾಗದದ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಆ ಮನೆಯವರು ಇಷ್ಟು ವರ್ಷ ಅದೇ ದಿನ ದೀಪ ಹಚ್ಚಿಕೊಂಡು ಬಂದಿರಬಹುದು. 31 ಡಿಸೆಂಬರ್ 1945 ಆ ಯುವಕ ತೀರಿಕೊಂಡ ದಿನವಲ್ಲ. ಯುದ್ಧದಲ್ಲಿ ನಾಪತ್ತೆಯಾದವರ ಮನೆಗಳಲ್ಲಿ ಹೆಂಡತಿಯ ಪಿಂಚಣಿ, ಮರುಮದುವೆ, ಆಸ್ತಿಯ ಹಕ್ಕು ಎಲ್ಲವೂ ಅತಂತ್ರವಾಗಿ ನಿಂತಿದ್ದವು. ಅದನ್ನು ಬಗೆಹರಿಸಲು ಜರ್ಮನಿಯ 1939ರ ನಾಪತ್ತೆ ಕಾಯಿದೆಗೆ 1951ರಲ್ಲಿ ತಿದ್ದುಪಡಿ ಬಂದು, ಅಂಥವರ ಮರಣದ ಕಾಲವನ್ನು ಸಾಮಾನ್ಯವಾಗಿ 1945ರ ಕೊನೆಯ ದಿನಕ್ಕೆ ನಿಗದಿಪಡಿಸುವ ಪದ್ಧತಿ ನೆಲೆಗೊಂಡಿತು. ಲಕ್ಷಾಂತರ ಜನರ ಕಾಗದದಲ್ಲಿ ಇದೇ ತಾರೀಖಿದೆ. ಅದು ಕಾನೂನಿನ ಅನುಕೂಲಕ್ಕೆ ಇಟ್ಟ ದಿನ. ಅದನ್ನು ಸಾಕ್ಷ್ಯವೆಂದು ಹಿಡಿದು ಹೊರಟವರು ವರ್ಷಗಟ್ಟಲೆ ತಪ್ಪು ದಾರಿಯಲ್ಲಿ ಅಲೆದದ್ದನ್ನು ನಾನು ಕಂಡಿದ್ದೇನೆ.

ಎರಡನೆಯದಾಗಿ, ಯಾರು ಹೊಡೆದರು ಎಂಬ ಪ್ರಶ್ನೆಯನ್ನು ದಯವಿಟ್ಟು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ. ಹವ್ಯಾಸಿಗಳಿಗೆ ಅದೇ ಮೊದಲ ಪ್ರಶ್ನೆ, ಏಕೆಂದರೆ ಗೆದ್ದವರ ಪಟ್ಟಿಗಳು ಸುಲಭವಾಗಿ ಸಿಗುತ್ತವೆ, ಹೆಸರುಗಳೂ ಪ್ರಸಿದ್ಧವಾಗಿರುತ್ತವೆ. ಆದರೆ ಒಂದು ಸಿಬ್ಬಂದಿಯ ಗತಿ ಎಂಬುದರೊಳಗೆ ಬೇರೆ ಬೇರೆ ಪ್ರಶ್ನೆಗಳು ಅಡಗಿವೆ: ಯಾವ ರಾತ್ರಿ ಹೋದರು, ಎಲ್ಲಿ ಬಿದ್ದರು, ಏಕೆ ಬಿದ್ದರು, ದೇಹಗಳು ಏನಾದವು. ಇವಕ್ಕೆ ಉತ್ತರ ಕೊಡುವ ಕಡತಗಳೂ ಬೇರೆ ಬೇರೆ. ಒಂದಕ್ಕೆ ಸಿಕ್ಕ ಉತ್ತರವನ್ನು ಇನ್ನೊಂದರ ಜಾಗದಲ್ಲಿ ತುಂಬಿದರೆ ಇಡೀ ಕೆಲಸ ಕೆಡುತ್ತದೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ನೀವು ಹುಡುಕಬೇಕಾದದ್ದು ಒಬ್ಬರನ್ನಲ್ಲ, ಮೂವರನ್ನು. ಒಂಟಿ ಆಸನದ ಮೆಸರ್‌ಶ್ಮಿಟ್ 109ರ ಪೈಲಟ್‌ನ ಕತೆ ಅವನೊಡನೆಯೇ ಮುಗಿದುಹೋಗಬಹುದು. ಅಜ್ಜಿಯ ಅಣ್ಣ ಕುಳಿತಂಥ ವಿಮಾನದಲ್ಲಿ ಹಾಗಲ್ಲ. ಅಲ್ಲಿ ಒಬ್ಬರ ಕಾಗದ ಮೌನವಾಗಿದ್ದರೆ ಇನ್ನೊಬ್ಬರದು ಮಾತಾಡುತ್ತದೆ. ನನ್ನ ಅನುಭವದಲ್ಲಿ ರೇಡಿಯೊ ನಿರ್ವಾಹಕರ ಗತಿ ಎಷ್ಟೋ ಸಲ ತಿಳಿದಿರುವುದು ಪೈಲಟ್‌ನ ತಾಯಿಗೆ ಬಂದ ಪತ್ರದಿಂದ.

ಈಗ ಕೈಯಲ್ಲಿರುವ ವಸ್ತುಗಳನ್ನು ಹತ್ತಿರದಿಂದ ನೋಡೋಣ. ಜರ್ಮನ್ ವಾಯುಪಡೆಯ ಬಹು ಆಸನದ ವಿಮಾನಗಳ ಪಕ್ಕೆಯ ಮೇಲೆ ಶಿಲುಬೆಯ ಗುರುತಿನ ಎಡಕ್ಕೆ ಎರಡು, ಬಲಕ್ಕೆ ಎರಡು ಅಕ್ಷರ ಬರೆಯುತ್ತಿದ್ದರು. ಎಡಗಡೆಯ ‘ಜಿ9’ ಎಂಬುದು 1ನೇ ರಾತ್ರಿ ಫೈಟರ್ ದಳದ, ಅಂದರೆ ನಾಖ್ಟ್‌ಯಾಗ್ಡ್‌ಗೆಶ್ವಾಡರ್ 1ರ ಗುರುತು. 1940ರ ಜೂನ್‌ನಲ್ಲಿ ಹುಟ್ಟಿದ ಈ ದಳ ಹಾಲೆಂಡಿನ ಫೆನ್ಲೊ ಮತ್ತು ಲೇವಾರ್ಡೆನ್, ಬೆಲ್ಜಿಯಂನ ಸಿಂಟ್-ಟ್ರಾಯ್‌ಡೆನ್ ಮೊದಲಾದ ನೆಲೆಗಳಿಂದ ಬ್ರಿಟಿಷ್ ಬಾಂಬರ್‌ಗಳನ್ನು ಬೇಟೆಯಾಡುತ್ತಿತ್ತು. ಬಲಗಡೆಯ ಎರಡು ಅಕ್ಷರಗಳಲ್ಲಿ ಮೊದಲನೆಯದು ಆ ವಿಮಾನದ್ದು, ಕೊನೆಯದು ‘ಸ್ಟಾಫೆಲ್’ ಎಂಬ ಸಣ್ಣ ತುಕಡಿಯದು. ಕೊನೆಯ ಅಕ್ಷರ ಎಚ್, ಕೆ, ಎಲ್ ಆಗಿದ್ದರೆ ಒಂದರಿಂದ ಮೂರನೆಯ ಸ್ಟಾಫೆಲ್. ಎಂ, ಎನ್, ಪಿ ಆಗಿದ್ದರೆ ನಾಲ್ಕರಿಂದ ಆರು. ಆರ್, ಎಸ್, ಟಿ ಆಗಿದ್ದರೆ ಏಳರಿಂದ ಒಂಬತ್ತು. ಫೋಟೊದಲ್ಲಿ ಮೂವರಲ್ಲೊಬ್ಬರ ಭುಜ ಆ ಅಕ್ಷರವನ್ನು ಮರೆಮಾಡಿದ್ದರೂ ಭೂತಗನ್ನಡಿ ಹಿಡಿದು ಅಂಚನ್ನು ನೋಡಿ. ಎಚ್ ಅಕ್ಷರದ ಒಂದು ಕಾಲು ಕಂಡರೂ ನಿಮ್ಮ ಕೆಲಸ ಅರ್ಧ ಕಡಿಮೆಯಾಗುತ್ತದೆ. ಆದರೆ ಫೋಟೊದಲ್ಲಿರುವ ವಿಮಾನವೇ ಕೊನೆಯ ವಿಮಾನ ಎಂದು ಮಾತ್ರ ಭಾವಿಸಬೇಡಿ. ಮುಂದೆ ನಿಂತು ಪಟ ತೆಗೆಸಿಕೊಳ್ಳಲು ಯಾವ ವಿಮಾನವಾದರೂ ಆಗುತ್ತಿತ್ತು.

ಲಕೋಟೆಯ ಮೇಲಿನ ‘ಎಲ್’ ಅಕ್ಷರ ವಾಯುಪಡೆಯ ಸೇನಾ ಅಂಚೆಯ ಗುರುತು. ಶತ್ರುವಿಗೆ ನೆಲೆ ತಿಳಿಯಬಾರದೆಂದು ತುಕಡಿಯ ಹೆಸರಿನ ಬದಲು ಐದಂಕಿಯ ಸಂಖ್ಯೆ ಹಾಕುತ್ತಿದ್ದರು. ಯಾವ ಸಂಖ್ಯೆ ಯಾವ ಕಾಲದಲ್ಲಿ ಯಾವ ತುಕಡಿಗೆ ಸೇರಿತ್ತು ಎಂಬ ಸೂಚಿ ಉಳಿದಿದೆ. ಒಂದೇ ಸಂಖ್ಯೆ ಕಾಲಕ್ರಮದಲ್ಲಿ ಕೈ ಬದಲಾಗಿರುವುದುಂಟು, ಆದ್ದರಿಂದ ಅಂಚೆಯ ಮುದ್ರೆಯ ತಾರೀಖನ್ನು ಜೊತೆಗೇ ಬರೆದುಕೊಳ್ಳಿ. ಸಂಖ್ಯೆಯ ಪಕ್ಕ ವಾಯುವಲಯದ ಅಂಚೆ ಕಚೇರಿಯ ಊರಿನ ಹೆಸರಿದ್ದರೆ ಅದೂ ಮುಖ್ಯ. ಇನ್ನು ತುಕಡಿಯ ಮುಖ್ಯಸ್ಥರ ಪತ್ರ. ಅದನ್ನು ಓದುವಾಗ ಒಂದು ವಿವೇಕ ಬೇಕು. ಮಗನನ್ನು ಕಳೆದುಕೊಂಡ ತಾಯಿಗೆ ಬರೆಯುವವನು ‘ನೋವಿಲ್ಲದೆ ಹೋದರು’, ‘ಎಲ್ಲರಿಗೂ ಪ್ರಿಯರಾಗಿದ್ದರು’ ಎಂದೇ ಬರೆಯುತ್ತಾನೆ. ಅದು ಕರುಣೆ, ಸಾಕ್ಷ್ಯವಲ್ಲ. ಆದರೆ ಹೊರಟ ದಿನ, ಹೊತ್ತು, ಕೊನೆಯ ರೇಡಿಯೊ ಸಂದೇಶ, ಸಂಗಡಿಗರ ಹೆಸರು ಇವುಗಳಲ್ಲಿ ಯಾವುದಿದ್ದರೂ ಅದು ಚಿನ್ನ. ‘ಫೈಂಡ್‌ಫ್ಲೂಗ್‌ನಿಂದ ಮರಳಲಿಲ್ಲ’ ಎಂದಷ್ಟೇ ಇದ್ದರೆ, ಶತ್ರುವಿನ ವಿರುದ್ಧದ ಹಾರಾಟದಿಂದ ಮರಳಲಿಲ್ಲ ಎಂದರ್ಥ. ಅದನ್ನು ಬರೆದ ದಿನ ತುಕಡಿಗೂ ಅದಕ್ಕಿಂತ ಹೆಚ್ಚು ತಿಳಿದಿರಲಿಲ್ಲ ಎಂದು ತಿಳಿಯಿರಿ.

ಇಷ್ಟಾದ ಮೇಲೆ ಬರ್ಲಿನ್‌ಗೆ ಬರೆಯಬೇಕು. ಜಿನೀವಾ ಒಪ್ಪಂದದ ಕಟ್ಟುಪಾಡಿನಂತೆ 1939ರ ಆಗಸ್ಟ್ 26ರಂದು ಜರ್ಮನ್ ಸೇನೆ ತನ್ನ ಗಾಯಾಳುಗಳು, ಸತ್ತವರು, ನಾಪತ್ತೆಯಾದವರು ಮತ್ತು ಸೆರೆಸಿಕ್ಕವರ ಮಾಹಿತಿಗಾಗಿ ಒಂದು ಕಚೇರಿಯನ್ನು ಶುರುಮಾಡಿತು. ಅದರ ಜರ್ಮನ್ ಹೆಸರಿನ ಚಿಕ್ಕ ರೂಪ ‘ವಾಸ್ಟ್’. ಬಾಂಬ್ ದಾಳಿಗೆ ಹೆದರಿ 1943ರಲ್ಲಿ ಅದು ತ್ಯೂರಿಂಗಿಯಾಕ್ಕೆ ಹೋಯಿತು, 1945ರಲ್ಲಿ ಅಮೆರಿಕನ್ನರ ಕೈಗೆ ಸಿಕ್ಕಿತು, 1946ರಲ್ಲಿ ಬರ್ಲಿನ್‌ಗೆ ಮರಳಿ ಫ್ರೆಂಚರ ಉಸ್ತುವಾರಿಯಲ್ಲಿ ನಡೆಯಿತು. ಇಷ್ಟು ಅಲೆದಾಟದಲ್ಲೂ 1 ಕೋಟಿ 80 ಲಕ್ಷಕ್ಕೂ ಹೆಚ್ಚು ಕಾರ್ಡುಗಳ ಸೂಚಿ ಉಳಿದುಕೊಂಡದ್ದು ಈ ಕೆಲಸ ಮಾಡುವ ನಮ್ಮ ಪಾಲಿನ ಭಾಗ್ಯ. 2019ರ ಜನವರಿ 1ರಿಂದ ಅದು ಜರ್ಮನಿಯ ಫೆಡರಲ್ ಪತ್ರಾಗಾರವಾದ ಬುಂಡೆಸ್‌ಆರ್ಕೀವ್‌ನ ಭಾಗವಾಗಿದೆ.

ಅಲ್ಲಿ ಅಜ್ಜಿಯ ಅಣ್ಣನ ಬಗ್ಗೆ ಎರಡು ವಸ್ತುಗಳನ್ನು ಹೆಸರು ಹೇಳಿ ಕೇಳಬೇಕು. ಒಂದು, ತುಕಡಿಯಿಂದ ಕಳಿಸಿದ ಹೆಸರುವಾರು ನಷ್ಟವರದಿ. ಇನ್ನೊಂದು, ಅವರ ಗುರುತುಬಿಲ್ಲೆಯ ಮೇಲಿದ್ದ ಬರಹ. ಈ ಬಿಲ್ಲೆ ನಡುವೆ ಸೀಳುಗೆರೆಯಿರುವ ಅಂಡಾಕಾರದ ಲೋಹದ ತುಣುಕು. ಎರಡು ಅರ್ಧಗಳಲ್ಲೂ ಒಂದೇ ಬರಹವಿರುತ್ತಿತ್ತು. ಧರಿಸಿದವ ಸತ್ತರೆ ಕೆಳಗಿನ ಅರ್ಧವನ್ನು ಮುರಿದು ವರದಿಗೆ ಕಳಿಸಿ, ಮೇಲಿನದನ್ನು ದೇಹದ ಮೇಲೆಯೇ ಬಿಡುತ್ತಿದ್ದರು. ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ಬಿಲ್ಲೆಯ ಮೇಲೆ ಇರುವುದು ಅದನ್ನು ಕೊಟ್ಟ ತುಕಡಿಯ ಹೆಸರು, ಅಂದರೆ ಹೆಚ್ಚಾಗಿ ಸೈನಿಕ ಮೊದಲು ಸೇರಿದ ತರಬೇತಿ ರೆಜಿಮೆಂಟಿನದು. ಸತ್ತಾಗ ಸೇವೆಯಲ್ಲಿದ್ದ ದಳದ ಹೆಸರು ಅದರಲ್ಲಿ ಇರಬೇಕೆಂದಿಲ್ಲ. ಗೋರಿಯೊಂದರಲ್ಲಿ ಸಿಕ್ಕ ಬಿಲ್ಲೆಯಲ್ಲಿ ರಾತ್ರಿ ಫೈಟರ್ ದಳದ ಹೆಸರಿಲ್ಲವೆಂದು ‘ಇದು ನಮ್ಮವರದಲ್ಲ’ ಎಂದು ಕೈಬಿಟ್ಟ ಪ್ರಸಂಗಗಳಿವೆ.

ಅರ್ಜಿಯನ್ನು ಅಜ್ಜಿಯ ಹೆಸರಿನಲ್ಲೇ ಹಾಕಿಸಿ, ನೀವು ಅವರ ಅಧಿಕಾರಪತ್ರ ಪಡೆದು ವ್ಯವಹರಿಸುವುದು ಲೇಸು. ಜರ್ಮನ್ ಕಾನೂನಿನಲ್ಲಿ ಒಬ್ಬ ವ್ಯಕ್ತಿಯ ಕಡತ ಸಾಮಾನ್ಯವಾಗಿ ಅವರು ಸತ್ತ ಹತ್ತು ವರ್ಷಗಳ ಮೇಲೆ, ಸತ್ತ ವರ್ಷ ತಿಳಿಯದಿದ್ದರೆ ಹುಟ್ಟಿದ ನೂರು ವರ್ಷಗಳ ಮೇಲೆ ತೆರೆಯುತ್ತದೆ, ಆದ್ದರಿಂದ ಆ ಮೂವರ ವಿಷಯದಲ್ಲಿ ಅಡ್ಡಿ ಇರಲಾರದು. ಉತ್ತರಕ್ಕೆ ಮಾತ್ರ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಅಜ್ಜಿಯ ವಯಸ್ಸನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ನಮೂದಿಸಿ.

ಇನ್ನೊಂದು ಕಡತರಾಶಿ ಫ್ರೈಬುರ್ಗ್‌ನ ಸೇನಾ ಪತ್ರಾಗಾರದ್ದು. ವಾಯುಪಡೆಯ ಕ್ವಾರ್ಟರ್‌ಮಾಸ್ಟರ್ ಜನರಲ್ ಕಚೇರಿಗೆ ಎಲ್ಲ ದಳಗಳಿಂದ ಬರುತ್ತಿದ್ದ ನಷ್ಟಪಟ್ಟಿಗಳಿವು. ಯುದ್ಧ ಮುಗಿದಾಗ ಬ್ರಿಟಿಷರ ಕೈಗೆ ಸಿಕ್ಕಿ ಲಂಡನ್‌ನಲ್ಲಿದ್ದವು. ಪುಟವೊಂದನ್ನು ತೆರೆದರೆ ಬೆರಳಚ್ಚಿನ ಸಾಲುಗಳು: ದಳ, ದಿನ, ಸ್ಥಳ, ಕಾರಣ, ವಿಮಾನದ ಮಾದರಿ, ಕಾರ್ಖಾನೆ ಸಂಖ್ಯೆ, ಹಾನಿಯ ಶೇಕಡಾವಾರು, ಆಮೇಲೆ ಸಿಬ್ಬಂದಿಯ ಹೆಸರು. ಶೇಕಡ 100 ಎಂದರೆ ವಿಮಾನ ಪೂರ್ತಿ ಹೋಯಿತು, 60ರಿಂದ ಮೇಲಕ್ಕೆ ಎಂದರೆ ಹೆಚ್ಚುಕಡಿಮೆ ಗುಜರಿಗೆ, 10 ಎಂದರೆ ಸಣ್ಣ ರಿಪೇರಿ. ಹೆಸರಿನ ಮುಂದೆ ‘ಎಫ್’ ಇದ್ದರೆ ಪೈಲಟ್, ‘ಬಿಎಫ್’ ಇದ್ದರೆ ಬೋರ್ಡ್‌ಫುಂಕರ್, ಅಂದರೆ ಅಜ್ಜಿಯ ಅಣ್ಣನಂತೆ ರೇಡಿಯೊ ಮತ್ತು ರೇಡಾರ್ ನೋಡಿಕೊಳ್ಳುವವರು. ‘ಬಿಎಸ್’ ಇದ್ದರೆ ಹಿಂಬದಿಯ ಗನ್ನರ್. ಕಾರಣದ ಕಾಲಂನಲ್ಲಿ ವಾಯುಯುದ್ಧ, ಶತ್ರುವಿನ ಗುಂಡು, ಎಂಜಿನ್ ದೋಷ, ಅಜ್ಞಾತ ಇಂಥ ಒಂದೆರಡು ಪದ. ಒಂದು ಸಾಲಿನಲ್ಲಿ ಮೂರು ಮನೆಗಳ ದುಃಖ ಮುಗಿದಿರುತ್ತದೆ.

ಇಲ್ಲಿ ನಿಮಗೆ ಪ್ರಾಮಾಣಿಕವಾಗಿ ಹೇಳಬೇಕಾದ ಕಷ್ಟವೊಂದಿದೆ. 1943ರ ಕೊನೆಯವರೆಗಿನ ಪಟ್ಟಿಗಳು ಬಹುಮಟ್ಟಿಗೆ ಉಳಿದಿವೆ. 1944ರಿಂದ ಮುಂದೆ ದೊಡ್ಡ ದೊಡ್ಡ ತೆರವುಗಳಿವೆ. ಸೋಲು ಖಚಿತವಾದಾಗ ವಾಯುಪಡೆಯ ಕಡತಗಳನ್ನು ಸುಡಲು ಆಜ್ಞೆಯಾಯಿತು, ಬಹುಪಾಲು ಸುಟ್ಟುಹೋಯಿತು. ಆದುದರಿಂದ 1944ರ ಆರಂಭದ ನಿಮ್ಮ ಪ್ರಕರಣಕ್ಕೆ ಫ್ರೈಬುರ್ಗ್‌ಗಿಂತ ಬರ್ಲಿನ್‌ನ ಹೆಸರುವಾರು ವರದಿಯೇ ಆಧಾರವಾದೀತು. ಪಟ್ಟಿಯಲ್ಲಿ ಹೆಸರಿಲ್ಲ ಎಂಬುದರಿಂದ ಯಾವ ತೀರ್ಮಾನವನ್ನೂ ಮಾಡಬೇಡಿ.

ಈಗ ಆ ಬ್ರಿಟಿಷ್ ಪೈಲಟ್‌ನ ಹೆಸರಿನ ವಿಷಯ. ವಾಯುಯುದ್ಧದಲ್ಲಿ ‘ಹೊಡೆದೆ’ ಎಂಬ ಹೇಳಿಕೆಗೂ ಕೆಳಗೆ ಬಿದ್ದ ವಿಮಾನಕ್ಕೂ ಇರುವ ಅಂತರ ತುಂಬ ದೊಡ್ಡದು. 1940ರ ಸೆಪ್ಟೆಂಬರ್ 15ರಂದು ಬ್ರಿಟನ್ 185 ಜರ್ಮನ್ ವಿಮಾನಗಳನ್ನು ಉರುಳಿಸಿದ್ದಾಗಿ ಘೋಷಿಸಿತು. ಜರ್ಮನ್ ಪಟ್ಟಿಗಳ ಪ್ರಕಾರ ಆ ದಿನ ಹೋದವು ಸುಮಾರು 60. ಯಾರೂ ಸುಳ್ಳು ಹೇಳಿರಲಿಲ್ಲ. ಒಂದೇ ವಿಮಾನಕ್ಕೆ ಮೂವರು ಗುಂಡು ಹೊಡೆದಿದ್ದರು, ಮೂವರೂ ಹೊಗೆ ಕಂಡಿದ್ದರು. ಹಗಲಿನಲ್ಲೇ ಹೀಗಾದರೆ ಕಗ್ಗತ್ತಲಲ್ಲಿ ಹೇಗಿದ್ದೀತು ಯೋಚಿಸಿ.

ಈ ಬಗೆಯ ಪ್ರಕರಣಗಳಲ್ಲಿ ನನ್ನ ಮನಸ್ಸಿನಲ್ಲಿ ಸದಾ ನಿಲ್ಲುವುದು 1944ರ ಜನವರಿ 21ರ ರಾತ್ರಿ. ಅಂದು ಬ್ರಿಟಿಷರ 648 ವಿಮಾನಗಳು ಮಾಗ್ಡೆಬುರ್ಗ್ ನಗರದ ಮೇಲೆ ದಾಳಿಗೆ ಬಂದವು, 57 ಮರಳಲಿಲ್ಲ. ಜರ್ಮನ್ನರ ಕಡೆಯಲ್ಲಿ ಅದೇ ರಾತ್ರಿ ಇಬ್ಬರು ಪ್ರಸಿದ್ಧ ರಾತ್ರಿ ಫೈಟರ್ ಪೈಲಟ್‌ಗಳು ಸತ್ತರು. ಮಾನ್‌ಫ್ರೆಡ್ ಮೊಯರರ್ ಅವರ ವಿಮಾನ ಮಾಗ್ಡೆಬುರ್ಗ್ ಸಮೀಪ ಲ್ಯಾಂಕಾಸ್ಟರ್ ಬಾಂಬರ್ ಒಂದಕ್ಕೆ ಡಿಕ್ಕಿ ಹೊಡೆದು, ಅವರೂ ಅವರ ರೇಡಿಯೊ ನಿರ್ವಾಹಕರೂ ತೀರಿಕೊಂಡರು. ಅಲ್ಲಿಂದ ಹೆಚ್ಚು ದೂರವಿಲ್ಲದ ಜಾಗದಲ್ಲಿ ಪ್ರಿನ್ಸ್ ಹೈನ್‌ರಿಖ್ ಝು ಜೈನ್-ವಿಟ್‌ಗೆನ್‌ಸ್ಟೈನ್ ಅವರ ಯುಂಕರ್ಸ್ 88 ವಿಮಾನಕ್ಕೆ ಬೆಂಕಿ ಹತ್ತಿತು. ಅವರು ಸಂಗಡಿಗರಿಗೆ ಹಾರಿಕೊಳ್ಳಲು ಹೇಳಿದರು. ಸಂಗಡಿಗರು ಪ್ಯಾರಾಶೂಟ್‌ನಲ್ಲಿ ಇಳಿದು ಬದುಕಿದರು, ಪೈಲಟ್‌ನ ದೇಹ ಅವಶೇಷಗಳ ಬಳಿ ಸಿಕ್ಕಿತು. ಹೊಡೆದದ್ದು ಯಾರು ಎಂಬುದು ಇಂದಿಗೂ ತೀರ್ಮಾನವಾಗಿಲ್ಲ. ಬ್ರಿಟಿಷ್ ಮೊಸ್ಕಿಟೊ ಫೈಟರ್ ಎನ್ನುವವರಿದ್ದಾರೆ, ಲ್ಯಾಂಕಾಸ್ಟರ್‌ನ ಗನ್ನರ್ ಎನ್ನುವವರಿದ್ದಾರೆ. ಯುದ್ಧದ ಅತ್ಯಂತ ಹೆಸರಾಂತ ಪೈಲಟ್‌ಗಳಲ್ಲೊಬ್ಬರ, ಬದುಕುಳಿದ ಸಾಕ್ಷಿಗಳಿರುವ ಪ್ರಕರಣದ ಸ್ಥಿತಿಯೇ ಹೀಗಿರುವಾಗ, ಹೆಸರಿಲ್ಲದ ಒಬ್ಬ ಯುವಕನ ವಿಮಾನಕ್ಕೆ ಯಾರೋ ಖಚಿತವಾಗಿ ಒಂದು ಹೆಸರು ಅಂಟಿಸಿದರೆ ನಾನು ಕೇಳುವ ಮೊದಲ ಪ್ರಶ್ನೆ: ವಿಮಾನ ಬಿದ್ದ ಜಾಗ ನಿಮಗೆ ಗೊತ್ತೇ? ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಅದೇ ರಾತ್ರಿಯ ಯಾವುದೋ ಹೇಳಿಕೆಯನ್ನು ತಂದು ಜೋಡಿಸಿರುತ್ತಾರೆ. ಆ ರಾತ್ರಿ ಆ ಸಿಬ್ಬಂದಿ ಏನು ಮಾಡಿತು, ಬೆಂಕಿ ಎಲ್ಲಿಂದ ಎದ್ದಿತು ಎಂಬ ವಿವರ ನಮಗೆ ದಕ್ಕಿರುವುದು ಬದುಕುಳಿದ ರೇಡಿಯೊ ನಿರ್ವಾಹಕರಿಂದ ಎಂಬುದನ್ನೂ ಗಮನಿಸಿ. ಮೂವರನ್ನೂ ಹುಡುಕಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಆ ಹೇಳಿಕೆಯನ್ನು ಪರೀಕ್ಷಿಸಲೇಬೇಕೆಂದರೆ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ ಲಂಡನ್ನಿನ ಕ್ಯೂ ಪ್ರದೇಶದಲ್ಲಿದೆ. ಸ್ಕ್ವಾಡ್ರನ್‌ಗಳ ದಿನವಹಿ ‘ಏರ್ 27’ ಶ್ರೇಣಿಯಲ್ಲಿ, ಪೈಲಟ್‌ಗಳು ಬರೆದ ಕಾದಾಟದ ವರದಿಗಳು ‘ಏರ್ 50’ ಶ್ರೇಣಿಯಲ್ಲಿ ಇವೆ. ಆ ಪೈಲಟ್‌ನ ವರದಿಯಲ್ಲಿ ಹೊತ್ತು, ಎತ್ತರ, ಜಾಗ, ಎದುರಾಳಿ ವಿಮಾನದ ಮಾದರಿ ಇರುತ್ತವೆ. ಹೊತ್ತನ್ನು ತಾಳೆ ನೋಡುವಾಗ ಎರಡು ದೇಶಗಳ ಗಡಿಯಾರವನ್ನು ಮರೆಯಬಾರದು. 1940ರ ಬೇಸಿಗೆಯಲ್ಲಿ ಜರ್ಮನ್ ಗಡಿಯಾರ ಬ್ರಿಟಿಷ್ ಗಡಿಯಾರಕ್ಕಿಂತ ಒಂದು ಗಂಟೆ ಮುಂದಿತ್ತು. 1944ರ ಜನವರಿಯಲ್ಲಿ ಎರಡೂ ಒಂದೇ ಆಗಿದ್ದವು. ಅದೇ ವರ್ಷದ ಸೆಪ್ಟೆಂಬರ್ 17ರಿಂದ ಅಕ್ಟೋಬರ್ 2ರವರೆಗೆ ಮತ್ತೆ ಒಂದು ಗಂಟೆಯ ವ್ಯತ್ಯಾಸ. ರಾತ್ರಿಯ ದಾಳಿಯನ್ನು ಬ್ರಿಟಿಷರು ‘21/22’ ಎಂದು ಎರಡು ದಿನ ಸೇರಿಸಿ ಬರೆಯುತ್ತಾರೆ. ಜರ್ಮನ್ ವರದಿಯಲ್ಲಿ ವಿಮಾನ ಬಿದ್ದ ದಿನ ಮಾತ್ರ ಇರಬಹುದು. ಮಧ್ಯರಾತ್ರಿಯ ಆಚೆ ಈಚೆ ಒಂದು ದಿನ ಜಾರುವುದು ಹೀಗೆ.

ಊರಿನ ಹೆಸರೂ ಅಷ್ಟೇ ಮೋಸ ಮಾಡುತ್ತದೆ. ಪ್ರಿನ್ಸ್ ವಿಟ್‌ಗೆನ್‌ಸ್ಟೈನ್ ಬಿದ್ದದ್ದು ಲ್ಯೂಬಾರ್ಸ್ ಎಂಬಲ್ಲಿ, ಸ್ಟೆಂಡಾಲ್ ಪಟ್ಟಣದ ಕಡೆಯ ಹಳ್ಳಿಯದು. ಬರ್ಲಿನ್ ನಗರದ ಉತ್ತರದಂಚಿನಲ್ಲೂ ಒಂದು ಲ್ಯೂಬಾರ್ಸ್ ಇದೆ. ನಮ್ಮಲ್ಲಿ ‘ಹೊಸಹಳ್ಳಿ’ ಎಂದರೆ ಯಾವ ತಾಲ್ಲೂಕಿನ ಹೊಸಹಳ್ಳಿ ಎಂದು ಕೇಳುವಂತೆ, ಅಲ್ಲಿಯೂ ಊರಿನ ಹೆಸರಿನ ಮುಂದೆ ಯಾವ ಜಿಲ್ಲೆ ಎಂದು ಕೇಳದೆ ನಕ್ಷೆಯ ಮೇಲೆ ಚುಕ್ಕೆ ಇಡಬಾರದು.

ನಿಮ್ಮ ಪ್ರಕರಣ ಹಾಲೆಂಡಿನ ಕಡೆಯದಾದರೆ ಒಂದು ದೊಡ್ಡ ಅನುಕೂಲವಿದೆ. ಡಚ್ ನೆಲದಲ್ಲಿ, ಕರಾವಳಿಯಲ್ಲಿ ಯುದ್ಧಕಾಲದಲ್ಲಿ ಐದು ಸಾವಿರಕ್ಕೂ ಹೆಚ್ಚು ವಿಮಾನಗಳು ಬಿದ್ದವು. ಅಲ್ಲಿನ ವಾಯುಯುದ್ಧ ಅಧ್ಯಯನ ಬಳಗವೊಂದು ಅವುಗಳ ನಷ್ಟನೋಂದಣಿಯನ್ನು ದಿನವಾರು ಕಟ್ಟಿದೆ. ಎಸ್‌ಜಿಎಲ್‌ಒ ಎಂಬುದು ಆ ಬಳಗದ ಚಿಕ್ಕ ಹೆಸರು. ಪ್ರತಿ ನಷ್ಟಕ್ಕೂ ‘ಟಿ’ ಅಕ್ಷರದ ಒಂದು ಸಂಖ್ಯೆ ಕೊಟ್ಟಿದ್ದಾರೆ. ಮಿತ್ರಪಡೆಯದೆಂದಾಗಲಿ ಜರ್ಮನ್ನರದೆಂದಾಗಲಿ ಭೇದವಿಲ್ಲದೆ ಎಲ್ಲವೂ ಅದರಲ್ಲಿದೆ. ದಿನ ಸಿಕ್ಕಿದ ಕೂಡಲೇ ಆ ದಿನದ ಎಲ್ಲ ಸಾಲುಗಳನ್ನೂ ಓದಿ, ನಿಮ್ಮ ಸಾಲನ್ನಷ್ಟೇ ಅಲ್ಲ. ಅದೇ ಹೊತ್ತಿಗೆ ಪಕ್ಕದಲ್ಲಿ ಬಿದ್ದ ಬಾಂಬರ್‌ನ ಸಾಲು ನಿಮ್ಮ ವಿಮಾನದ ಕತೆಯ ಉಳಿದರ್ಧವಾಗಿರಬಹುದು. ಆ ಬಾಂಬರ್‌ನೊಳಗೆ ಸಾಮಾನ್ಯವಾಗಿ ಏಳು ಜನ ಇರುತ್ತಿದ್ದರು, ಅವರಿಗೂ ತಂಗಿಯರಿದ್ದರು. ಈ ಕೆಲಸದಲ್ಲಿ ಆ ಏಳು ಜನರನ್ನು ಪುಟದ ಅಂಚಿಗೆ ತಳ್ಳಿ, ರಾತ್ರಿ ಫೈಟರ್‌ಗಳ ಅಂಕಪಟ್ಟಿಯನ್ನೇ ಬೆಳಗುವ ಒಂದು ಚಾಳಿ ಇದೆ. ಅದು ನನಗೆ ಸಹಿಸುವುದಿಲ್ಲ. ಅಜ್ಜಿಯ ಅಣ್ಣ ಯಾವ ಆಡಳಿತದ ಯುದ್ಧದಲ್ಲಿ ಹಾರಿದರು ಎಂಬುದನ್ನು ಮುಚ್ಚಿಡದೆಯೂ ಅವರು ಎಲ್ಲಿ ಬಿದ್ದರು ಎಂದು ತಂಗಿಗೆ ಹೇಳಬಹುದು.

ಎಲ್ಲ ನಷ್ಟವೂ ಕಾದಾಟದ್ದಲ್ಲ ಎಂಬುದನ್ನೂ ನೆನಪಿಡಿ. 1944ರ ಅಕ್ಟೋಬರ್ 5ರಂದು ಹೆಲ್ಮುಟ್ ಲೆಂಟ್ ಎಂಬ ನುರಿತ ಪೈಲಟ್ ಹಗಲು ಹೊತ್ತಿನಲ್ಲಿ, ಶತ್ರುವಿಲ್ಲದ ಆಕಾಶದಲ್ಲಿ, ಪಾಡರ್‌ಬಾರ್ನ್ ಸಮೀಪ ಇಳಿಯುವಾಗ ಎಂಜಿನ್ ಕೈಕೊಟ್ಟು ವಿದ್ಯುತ್ ತಂತಿಗೆ ತಗಲಿ ಬಿದ್ದು ಎರಡು ದಿನಗಳಲ್ಲಿ ತೀರಿಕೊಂಡರು. ಸಂಗಡಿಗರೂ ಉಳಿಯಲಿಲ್ಲ. ಮಂಜು, ಹಿಮ, ಮುಗಿದ ಇಂಧನ, ತಮ್ಮದೇ ವಿಮಾನವಿರೋಧಿ ಫಿರಂಗಿ, ಇವೆಲ್ಲವೂ ರಾತ್ರಿ ಫೈಟರ್‌ಗಳನ್ನು ತಿಂದಿವೆ. ಕಾರಣದ ಕಾಲಂನಲ್ಲಿ ‘ಅಜ್ಞಾತ’ ಎಂದಿದ್ದರೆ ಅದನ್ನು ಕಾದಾಟ ಎಂದು ಓದಬೇಡಿ.

ಸಮುದ್ರದ ಮೇಲೆ ಹೋದವರ ವಿಷಯ ಬೇರೆಯೇ. 1943ರ ಫೆಬ್ರವರಿ 26ರಂದು ಲುಡ್‌ವಿಗ್ ಬೆಕರ್ ಎಂಬ, ರಾತ್ರಿಯ ಬೇಟೆಯ ವಿಧಾನವನ್ನೇ ರೂಪಿಸಿದ ಪೈಲಟ್, ಲೇವಾರ್ಡೆನ್‌ನಿಂದ ಹನ್ನೆರಡು ಮೆಸರ್‌ಶ್ಮಿಟ್ 110ಗಳನ್ನು ಕಟ್ಟಿಕೊಂಡು ತಮ್ಮ ಮೊದಲ ಹಗಲಿನ ಹಾರಾಟಕ್ಕೆ, ಅಮೆರಿಕನ್ ಬಾಂಬರ್‌ಗಳ ವಿರುದ್ಧ, ಉತ್ತರ ಸಮುದ್ರದ ಮೇಲೆ ಹೋದರು. ಅವರೂ ಅವರ ರೇಡಿಯೊ ನಿರ್ವಾಹಕರೂ ಮರಳಲಿಲ್ಲ. ಇಬ್ಬರ ದೇಹವೂ ಸಿಗಲಿಲ್ಲ. ಅವರ ಕೊನೆಯ ಕ್ಷಣದ ಬಗ್ಗೆ ಹೇಳಲು ವಿಮಾನದೊಳಗಿನಿಂದ ಯಾರೂ ಉಳಿದಿರಲಿಲ್ಲ. ಆದರೆ ಸಮುದ್ರ ಎಲ್ಲರನ್ನೂ ಹಾಗೆ ಇಟ್ಟುಕೊಳ್ಳುವುದಿಲ್ಲ. ದೇಹಗಳು ವಾರಗಳ ಮೇಲೆ ಡಚ್ ದ್ವೀಪಗಳ ಮರಳಿಗೆ, ಕೆಲವೊಮ್ಮೆ ಡೆನ್ಮಾರ್ಕ್‌ನ ಪಶ್ಚಿಮ ಕರಾವಳಿಗೆ ಬಂದು ಬೀಳುತ್ತಿದ್ದವು. ಒಂದೇ ವಿಮಾನದ ಇಬ್ಬರು ಬೇರೆ ಬೇರೆ ತಿಂಗಳಲ್ಲಿ, ಬೇರೆ ಬೇರೆ ಊರಿನ ತೀರ ಸೇರುವುದಿತ್ತು. ಆದ್ದರಿಂದ ಪೈಲಟ್‌ನ ಗೋರಿ ಒಂದು ಕಡೆ ಸಿಕ್ಕರೆ ಅಣ್ಣನದನ್ನು ಅದರ ಪಕ್ಕದಲ್ಲೇ ಹುಡುಕಿ ನಿಲ್ಲಿಸಬೇಡಿ. ಹಾಗೆ ಬಂದ ದೇಹವನ್ನು ಊರಿನ ಸ್ಮಶಾನದಲ್ಲಿ ಹೂಳುವಾಗ ಪುರಸಭೆ ಒಂದು ನೋಂದಣಿ ಮಾಡಿಡುತ್ತಿತ್ತು: ಸಿಕ್ಕ ದಿನ, ಮೈಮೇಲಿನ ಬಟ್ಟೆ, ಜೇಬಿನ ವಸ್ತು, ಬಿಲ್ಲೆ. ಗುರುತು ಸಿಗದವರ ಪ್ರಕರಣದಲ್ಲಿ ಈ ಸಾಲುಗಳೇ ಎಲ್ಲ.

ಯುದ್ಧದ ನಂತರ ಹಾಲೆಂಡಿನಾದ್ಯಂತ ಚದುರಿದ್ದ ಜರ್ಮನ್ ಗೋರಿಗಳನ್ನು ಲಿಂಬುರ್ಗ್ ಪ್ರಾಂತ್ಯದ ಐಸೆಲ್‌ಸ್ಟೈನ್ ಎಂಬಲ್ಲಿ ಒಟ್ಟುಗೂಡಿಸಿದರು. ಇಂದು ಅಲ್ಲಿ 31 ಸಾವಿರಕ್ಕೂ ಹೆಚ್ಚು ಜನರ ಗೋರಿಗಳಿವೆ, ಬೂದು ಬಣ್ಣದ ಶಿಲುಬೆಗಳ ಸಾಲು ಕಣ್ಣು ಹಾಯುವವರೆಗೂ ಇದೆ. ಪ್ರಿನ್ಸ್ ವಿಟ್‌ಗೆನ್‌ಸ್ಟೈನ್ ಅವರನ್ನೂ ಮೊದಲು ಹಾಲೆಂಡಿನ ಡೇಲೆನ್ ವಾಯುನೆಲೆಯಲ್ಲಿ ಹೂಳಿ 1948ರಲ್ಲಿ ಇಲ್ಲಿಗೆ ತಂದರು. ಆ ವರ್ಷದಿಂದ 1976ರವರೆಗೆ ಈ ಸ್ಮಶಾನವನ್ನು ನೋಡಿಕೊಂಡವರು ಲೊಡೆವೈಕ್ ಟಿಮ್ಮರ್‌ಮನ್ಸ್ ಎಂಬ ಡಚ್ ಕ್ಯಾಪ್ಟನ್. ತಮ್ಮ ದೇಶವನ್ನು ಆಕ್ರಮಿಸಿದವರ ಎಲುಬುಗಳ ನಡುವೆ ಕುಳಿತು, ಹಲ್ಲು, ಗುಂಡಿ, ಬಿಲ್ಲೆಯ ಚೂರು ಹಿಡಿದು ಅವರು ಸಾವಿರಾರು ಅಜ್ಞಾತರಿಗೆ ಹೆಸರು ಮರಳಿಸಿದರು. ಕೊನೆಗೆ ಅವರ ಚಿತಾಭಸ್ಮವನ್ನೂ ಅದೇ ನೆಲದಲ್ಲಿ ಚೆಲ್ಲಿದ್ದಾರೆ. ಈ ಕ್ಷೇತ್ರದಲ್ಲಿ ನಾನು ಮನಸಾರೆ ಗೌರವಿಸುವ ಮನುಷ್ಯರಲ್ಲಿ ಅವರು ಮೊದಲಿಗರು. ಆದರೂ ಹೆಸರಿಲ್ಲದ ಶಿಲುಬೆಗಳು ಇನ್ನೂ ಸಾವಿರಾರು ಇವೆ.

ಐಸೆಲ್‌ಸ್ಟೈನ್‌ನ ಈಗಿನ ಹೊಣೆ 1919ರಲ್ಲಿ ಸ್ಥಾಪಿತವಾದ ಜರ್ಮನ್ ಯುದ್ಧಸಮಾಧಿ ಸಂಸ್ಥೆ ಫೋಕ್ಸ್‌ಬುಂಡ್‌ನದು. ಅವರ ಗೋರಿ ಹುಡುಕುವ ತಾಣದಲ್ಲಿ ಅಣ್ಣನ ಹೆಸರನ್ನು ನೀವು ಇಂದೇ ಹಾಕಿ ನೋಡಬಹುದು. ಮ್ಯುಲರ್, ಮುಲ್ಲರ್, ಮುಯೆಲರ್ ಎಂದು ಒಂದೇ ಹೆಸರು ಮೂರು ಬಗೆಯಲ್ಲಿ ಬರೆಯಲ್ಪಟ್ಟಿರುತ್ತದೆ, ಆದ್ದರಿಂದ ಹುಟ್ಟಿದ ದಿನಾಂಕವನ್ನೇ ಮುಖ್ಯ ಕೀಲಿಯಾಗಿ ಬಳಸಿ. ಹೆಸರು ಸಿಗದಿದ್ದರೆ ಪೈಲಟ್ ಮತ್ತು ಗನ್ನರ್ ಹೆಸರು ಹಾಕಿ. ಅವರಲ್ಲೊಬ್ಬರು ಸಿಕ್ಕು, ಪಕ್ಕದ ಗೋರಿ ‘ಅಜ್ಞಾತ ಜರ್ಮನ್ ಸೈನಿಕ’ ಎಂದಿದ್ದು, ಎರಡನ್ನೂ ಒಂದೇ ಊರಿನಿಂದ ಒಂದೇ ದಿನ ತಂದದ್ದು ಎಂದು ಸ್ಥಳಾಂತರದ ದಾಖಲೆಯಲ್ಲಿದ್ದರೆ, ಬರ್ಲಿನ್‌ನಿಂದ ಬಂದ ಬಿಲ್ಲೆಯ ಬರಹ ಮತ್ತು ಅಜ್ಜಿಗೆ ನೆನಪಿರುವ ದೇಹದ ಗುರುತುಗಳನ್ನು ಜೊತೆಗಿಟ್ಟು ಆ ಸಂಸ್ಥೆಗೆ ಬರೆಯಿರಿ. ಒಡಹುಟ್ಟಿದವರ ಡಿಎನ್‌ಎ ಮಾದರಿ ಬೇಕಾಗುವ ಸಂದರ್ಭವೂ ಬರಬಹುದು. ಹಾಲೆಂಡಿನಲ್ಲಿ ಕಾಣೆಯಾದ ಸಿಬ್ಬಂದಿಯ ಅವಶೇಷ ಇನ್ನೂ ಒಳಗಿರಬಹುದಾದ 30ರಿಂದ 50 ವಿಮಾನಗಳನ್ನು ಮೇಲೆತ್ತುವ ರಾಷ್ಟ್ರೀಯ ಕಾರ್ಯಕ್ರಮ 2019ರಿಂದ ನಡೆಯುತ್ತಿದೆ, ಸಿಕ್ಕ ಎಲುಬುಗಳನ್ನು ಗುರುತಿಸುವುದು ಡಚ್ ಸೇನೆಯ ವಿಶೇಷ ವಿಭಾಗ. ಅಜ್ಜಿ ಒಪ್ಪಿದರೆ ಈ ವಿಷಯದಲ್ಲಿ ತಡಮಾಡಬೇಡಿ.

ಹೊಲದಲ್ಲೋ ಹರಾಜಿನಲ್ಲೋ ಯಾರಾದರೂ ವಿಮಾನದ ಲೋಹದ ಫಲಕ ತೋರಿಸಿ ‘ಇದು ಆ ವಿಮಾನದ್ದು’ ಎಂದರೆ ಕೂಡಲೇ ನಂಬಬೇಡಿ. ಎಂಜಿನ್‌ಗೆ ಒಂದು ಸಂಖ್ಯೆ, ಬಿಡಿಭಾಗಗಳಿಗೆ ಬೇರೆ ಬೇರೆ ಸಂಖ್ಯೆ ಇರುತ್ತವೆ. ನಷ್ಟವರದಿಯಲ್ಲಿರುವುದು ಇಡೀ ವಿಮಾನದ ಕಾರ್ಖಾನೆ ಸಂಖ್ಯೆ. ಹೊಲವನ್ನು ಸ್ವಂತವಾಗಿ ಅಗೆಯಲಂತೂ ಹೋಗಲೇಬೇಡಿ. ಅದು ಕಾನೂನಿಗೆ ವಿರುದ್ಧ, ಸಿಡಿಯದ ಗುಂಡುಗಳ ಅಪಾಯ ಬೇರೆ, ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿ ಮನುಷ್ಯರು ಇರಬಹುದು.

ಅಜ್ಜಿಗೆ ಏನು ಹೇಳಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬರ್ಲಿನ್‌ನ ಉತ್ತರ ಬರುವ ಮುಂಚೆ ಆ ಬ್ರಿಟಿಷ್ ಪೈಲಟ್‌ನ ಹೆಸರನ್ನು ಅವರ ಮುಂದೆ ಮತ್ತೆ ಎತ್ತಬೇಡಿ. ಕೋರ್ಟು ಕಾಗದದ ತಾರೀಖು ನಿಜವಾದ ದಿನವಲ್ಲ ಎಂಬುದನ್ನು ಮಾತ್ರ, ನಿಧಾನವಾಗಿ, ಈಗಲೇ ಹೇಳಬಹುದು. ಆಮೇಲೆ ಆ ಫೋಟೊವನ್ನು ಕೇಳಿ ಪಡೆದು, ಆಲ್ಬಮ್‌ನ ಪುಟಕ್ಕೆ ಅಂಟಿಕೊಂಡಿದ್ದರೆ ಹರಿಯದಂತೆ ಬಿಡಿಸಿ, ಹಿಂಬದಿಯನ್ನು ನೋಡಿ. ಪೆನ್ಸಿಲ್‌ನಲ್ಲಿ ಹಳೆಯ ಜರ್ಮನ್ ಲಿಪಿಯ ಬರಹ ಏನಾದರೂ ಇದ್ದರೆ ನಿಮಗೆ ಅರ್ಥವಾಗಲಿಕ್ಕಿಲ್ಲ, ಅಜ್ಜಿಗೆ ಆಗಬಹುದು. ಅವರಿಂದಲೇ ಗಟ್ಟಿಯಾಗಿ ಓದಿಸಿ. ಅಣ್ಣನ ಎಡಕ್ಕೂ ಬಲಕ್ಕೂ ನಿಂತಿರುವ ಆ ಇಬ್ಬರ ಹೆಸರು ಅಲ್ಲಿ ಸಿಕ್ಕರೆ, ಬರ್ಲಿನ್‌ಗೆ ಒಂದರ ಬದಲು ಮೂರು ಅರ್ಜಿ ಹಾಕಿ.